ಸುಳ್ಳು ಹೇಳುವ ಮುಳ್ಳಿಗಿಂತ ಬರೀ ದೀಪವೇ ವಾಸಿ!

ಅಮೆರಿಕದಲ್ಲಿರುವ ಗೆಳೆಯನ ಮಗ ಮೊನ್ನೆ ಒಂದು ಫೋಟೋ ಕಳಿಸಿದ್ದ. 1996ರ ಮಾಜ್ದಾ ಮಿಯಾಟಾ, ಎರಡೇ ಸೀಟು, ಕೆಂಪು ಬಣ್ಣ, ಸೆಕೆಂಡ್ ಹ್ಯಾಂಡು. "ಅಂಕಲ್, ಆಯಿಲ್ ಪ್ರೆಷರ್ ಮುಳ್ಳು ನೋಡಿ, ಅಲ್ಲಾಡೋದೇ ಇಲ್ಲ, ಸರಿಯಾಗಿ ಮಧ್ಯದಲ್ಲೇ ಇದೆ. ಇಂಜಿನ್ ಗಟ್ಟಿಯಾಗಿದೆ ಅಂತ ಮಾರಿದವನೂ ಹೇಳಿದ" ಅಂತ ಬರೆದಿದ್ದ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪುಣೆಯಲ್ಲಿ ಇಂಜಿನ್ ಟೆಸ್ಟ್ ಬೆಡ್ ಪಕ್ಕದಲ್ಲೇ ಕೂದಲು ಹಣ್ಣಾದವನು ನಾನು. ಅಲ್ಲಾಡದ ಆಯಿಲ್ ಪ್ರೆಷರ್ ಮುಳ್ಳು ಕಂಡರೆ ನನಗೆ ಮೊದಲು ಬರುವುದು ಅನುಮಾನವೇ!

ಯಾಕೆ ಅಂತೀರಾ? ಆಯಿಲ್ ಪಂಪು ಇಂಜಿನ್ ಜೊತೆಗೇ ತಿರುಗುತ್ತದೆ. ಇಂಜಿನ್ ವೇಗ ಹೆಚ್ಚಿದರೆ ಅದು ತಳ್ಳುವ ಆಯಿಲ್ಲೂ ಹೆಚ್ಚು. ಆ ಆಯಿಲ್ ಬೇರಿಂಗುಗಳ ಸಣ್ಣ ಸಂದುಗಳಲ್ಲಿ ನುಸುಳಿ ಹೋಗುವಾಗ ಎದುರಾಗುವ ತಡೆಯೇ ಪ್ರೆಷರ್. ಬೆಳಿಗ್ಗೆ ತಣ್ಣಗಿರುವಾಗ ಆಯಿಲ್ ಮಂದ, ಮುಳ್ಳು ಮೇಲೆ. ಬಿಸಿಯಾಗಿ ತೆಳ್ಳಗಾದಾಗ ಮುಳ್ಳು ಕೆಳಗೆ. ಆಕ್ಸಿಲರೇಟರ್ ಒತ್ತಿದರೆ ಮತ್ತೆ ಮೇಲೆ, ರಿಲೀಫ್ ವಾಲ್ವ್ ತೆರೆದುಕೊಂಡ ಮೇಲೆ ಅಲ್ಲಿಗೆ ನಿಲುಗಡೆ. ಅಂದಮೇಲೆ ಏರಿಳಿಯುವುದೇ ಆರೋಗ್ಯದ ಲಕ್ಷಣ!

ಮಿಯಾಟಾ 1989ರಲ್ಲಿ ಬಂದಾಗ ಅದರಲ್ಲಿ ನಿಜವಾದ ಗೇಜು ಇತ್ತು. ಪ್ರೆಷರ್ ಏರಿದಂತೆ ಮುಳ್ಳು ಏರುತ್ತಿತ್ತು, ಇಳಿದಂತೆ ಇಳಿಯುತ್ತಿತ್ತು. 1995ರ ಮಾದರಿಯಿಂದ ಕಂಪನಿ ಒಂದು ಜಾಣತನ ಮಾಡಿತು. ಸೆಂಡರ್ ಜಾಗದಲ್ಲಿ ಬರೀ ಸ್ವಿಚ್ಚು! ಪ್ರೆಷರ್ ಸುಮಾರು 7 ಪಿಎಸ್‌ಐ, ಅಂದರೆ ಅರ್ಧ ಬಾರ್ ದಾಟಿದರೆ ಸಾಕು, ಮುಳ್ಳು ಮಧ್ಯಕ್ಕೆ ಬಂದು ಕೂರುತ್ತದೆ. 10 ಇದ್ದರೂ ಮಧ್ಯ, 60 ಇದ್ದರೂ ಮಧ್ಯ. ನಿಜವಾದ ಮುಳ್ಳು ಕುಣಿಯುವುದನ್ನು ಕಂಡು ಗಿರಾಕಿಗಳು ಗಾಬರಿಯಾಗುತ್ತಿದ್ದರು ಎಂಬುದು ಇದಕ್ಕೆ ಸಾಮಾನ್ಯವಾಗಿ ಕೇಳಿಬರುವ ಸಮಜಾಯಿಷಿ. ರೋಗಿ ಉಸಿರಾಡುತ್ತಿದ್ದರೆ ಸಾಕು, ಬಿಪಿ 120/80 ಅಂತ ಬರೆದು ಕಳಿಸುವ ಡಾಕ್ಟರನ್ನು ನಾವು ಒಪ್ಪುತ್ತೇವೆಯೇ?

"ಸಾಮಾನ್ಯ ಕಾರುಗಳಲ್ಲಿ ಬರೀ ಎಚ್ಚರಿಕೆ ದೀಪ ಇರುತ್ತದಲ್ಲ, ಅದೂ ಸ್ವಿಚ್ಚೇ ಅಲ್ಲವೇ?" ಅಂತ ಕೇಳುವವರಿದ್ದಾರೆ. ಹೌದು ಸ್ವಾಮಿ. ಆದರೆ ದೀಪ ಪ್ರಾಮಾಣಿಕ. ತನಗೆ ಗೊತ್ತಿರುವ ಒಂದೇ ಸಂಗತಿ ಹೇಳುತ್ತದೆ, ಅಳತೆ ಮಾಡಿದೆ ಅಂತ ನಟಿಸುವುದಿಲ್ಲ. ಈ ಗೇಜಾದರೋ ಮುಳ್ಳಿನ ವೇಷ ತೊಟ್ಟ ದೀಪ. ಐಡಲ್‌ನಲ್ಲಿ 7 ಪಿಎಸ್‌ಐ ಹೇಗೋ ನಡೆದೀತು, 5000 ಆರ್‌ಪಿಎಂನಲ್ಲಿ ಅಷ್ಟೇ ಇದ್ದರೆ ಬೇರಿಂಗಿನ ಕಥೆ ಮುಗಿದಂತೆ. ತಿರುವಿನಲ್ಲಿ ಜೋರಾಗಿ ಓಡಿಸುವಾಗ ಸಂಪಿನ ಆಯಿಲ್ ಒಂದು ಪಕ್ಕಕ್ಕೆ ಸರಿದು ಪಂಪು ಗಾಳಿ ಎಳೆಯಬಹುದು. ಅದನ್ನು ತೋರಿಸಬೇಕಾದದ್ದೇ ಈ ಮುಳ್ಳು. ಸ್ಪೋರ್ಟ್ಸ್ ಕಾರಿಗೇ ಇಲ್ಲದ ಗೇಜು ಇನ್ಯಾರಿಗೆ?

ತಪ್ಪು ಕಂಪನಿಯದೊಂದೇ ಅಲ್ಲ, ನಮ್ಮದೂ ಇದೆ. ನಿಜವಾದ ಗೇಜು ಇರುವವರು ಏನು ಮಾಡುತ್ತಾರೆ? ಐಡಲ್‌ನಲ್ಲಿ ಮುಳ್ಳು ಕೊಂಚ ಇಳಿದರೆ ಸಾಕು, 5ಡಬ್ಲ್ಯು-30 ತೆಗೆಸಿ 20ಡಬ್ಲ್ಯು-50 ಹಾಕಿಸುತ್ತಾರೆ. ಮುಳ್ಳು ಏರುತ್ತದೆ, ಯಜಮಾನರು ಖುಷಿ. ಆದರೆ ಮಂದ ಆಯಿಲ್ಲು ತಣ್ಣಗಿನ ಇಂಜಿನ್ನಿನಲ್ಲಿ ಬೇರಿಂಗು ತಲುಪುವುದೇ ನಿಧಾನ. ಬೇರಿಂಗಿಗೆ ಬೇಕಾದದ್ದು ಹರಿವು, ಗೇಜು ತೋರಿಸುವುದು ತಡೆ. ದಾರಿಯಲ್ಲಿ ಕೆಸರು ಕಟ್ಟಿಕೊಂಡಿದ್ದರೂ ಮುಳ್ಳು ಮೇಲೇ ಇರಬಹುದು! ಸವೆದ ಇಂಜಿನ್ನಿಗೆ ಮಂದ ಆಯಿಲ್ ಸುರಿದು ಮಾರುವ ಚಾಲಾಕಿಗಳಿಗೂ ಇದೇ ಅನುಕೂಲ.

ಹಾಗಾದರೆ ಹಳೆ ಕಾರು ಕೊಳ್ಳುವವರು ಏನು ಮಾಡಬೇಕು? ಹುಡುಗನಿಗೆ ಬರೆದದ್ದನ್ನೇ ನಿಮಗೂ ಹೇಳುತ್ತೇನೆ. ಮೊದಲು ಆ ಗೇಜು ನಿಜದ್ದೋ ಡಮ್ಮಿಯೋ ತಿಳಿದುಕೊಳ್ಳಿ. ಇಂಜಿನ್ ಬಿಸಿಯಾದ ಮೇಲೆ ಆಕ್ಸಿಲರೇಟರ್ ಒತ್ತಿದರೂ ಮುಳ್ಳು ಕದಲದಿದ್ದರೆ ಡಮ್ಮಿ ಇರಬಹುದು. ಮೆಕ್ಯಾನಿಕ್‌ಗೆ ಹೇಳಿ ಆ ಸ್ವಿಚ್ಚು ಬಿಚ್ಚಿಸಿ, ಅಲ್ಲಿ ಮೆಕ್ಯಾನಿಕಲ್ ಗೇಜು ಕೂರಿಸಿ ಅಳೆಸಿ. ಅದಕ್ಕೂ ಮೊದಲು ಇಪ್ಪತ್ತು ನಿಮಿಷವಾದರೂ ಓಡಿಸಿರಬೇಕು, ಯಾಕೆಂದರೆ ಕೂಲಂಟ್ ಬಿಸಿಯಾದ ಎಷ್ಟೋ ಹೊತ್ತಿನ ಮೇಲೆ ಆಯಿಲ್ ಬಿಸಿಯಾಗುತ್ತದೆ. ಐಡಲ್‌ನಲ್ಲಿ ಒಂದು, 3000 ಆರ್‌ಪಿಎಂನಲ್ಲಿ ಒಂದು ಅಳತೆ ಬರೆದುಕೊಂಡು ವರ್ಕ್‌ಶಾಪ್ ಮ್ಯಾನುಯಲ್ ಜೊತೆ ಹೋಲಿಸಿ. ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಅನ್ನುವುದು ಬಾಯಿಲೆಕ್ಕ ಮಾತ್ರ, ಮ್ಯಾನುಯಲ್ ಹೇಳುವುದೇ ಪ್ರಮಾಣ. ಕಡಿಮೆ ಬಂದರೆ ಆಯಿಲ್ ಮಟ್ಟ, ಗ್ರೇಡು, ಫಿಲ್ಟರು ನೋಡಿ, ಪಂಪು-ಬೇರಿಂಗುಗಳ ಮಾತು ಆಮೇಲೆ. ಮಿಯಾಟಾ ಹುಚ್ಚಿರುವವರು ಹಳೆಯ ಮಾದರಿಯ ಸೆಂಡರ್ ಮತ್ತು ಗೇಜು ಎರಡನ್ನೂ ಹುಡುಕಿ ಹಾಕಿಸಿಕೊಳ್ಳುತ್ತಾರೆ. ಸೆಂಡರ್ ಒಂದೇ ಬದಲಿಸಿದರೆ ಪ್ರಯೋಜನವಿಲ್ಲ.

ಹುಡುಗ ಬೇಜಾರು ಮಾಡಿಕೊಂಡ. "ಗೊತ್ತಿಲ್ಲದಿದ್ದರೇ ನೆಮ್ಮದಿಯಾಗಿತ್ತು ಅಂಕಲ್" ಅಂದ. ಕಂಪನಿ ಅವನಿಗೆ ಮಾರಿದ್ದೂ ಅದೇ ನೆಮ್ಮದಿಯನ್ನು ತಾನೇ? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕಿಂತ ಈಗ ಕೊಂಚ ಗಾಬರಿಯಾಗುವುದೇ ಲೇಸು. ಏನಂತೀರಿ?