ಇಳಿದು ಬಂದವರ ಪಾಠ

ಕೋಲಾರದ ಚಿನ್ನದ ಗಣಿಯ ಊರು ಕೆಜಿಎಫ್‌ನ ಉರಿಗಾಮಿನ ಚರ್ಚೊಂದರಲ್ಲಿ ಭಾನುವಾರದ ಆರಾಧನೆ ಮುಗಿದು, ಮಕ್ಕಳು ಬಿಸ್ಕತ್ತಿನ ತಟ್ಟೆಗೆ ಮುತ್ತಿಕೊಂಡಿದ್ದ ಹೊತ್ತು. ಹಿಂದಿನ ಕೊಠಡಿಯಲ್ಲಿ ದೊಡ್ಡವರ ತರಗತಿ ಶುರುವಾಗಿತ್ತು. ಬೋರ್ಡಿನ ಮೇಲೆ ‘ಶಿಷ್ಯತ್ವ, ಪಾಠ 6’ ಎಂದು ಬರೆದಿತ್ತು. ಪರಿಚಯದವರೊಬ್ಬರು ಕರೆದರೆಂದು ಹೋಗಿದ್ದ ನಾನು ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಒಳಗಿದ್ದವರು ಹದಿಮೂರೋ ಹದಿನಾಲ್ಕೋ ಜನ. ತಮಿಳು ಸತ್ಯವೇದ ಹಿಡಿದವರು ಹೆಚ್ಚು, ಕನ್ನಡದ್ದು ಮೂರ್ನಾಲ್ಕು, ತೆಲುಗಿನದು ಎರಡು. ಆಂಗ್ಲೋ ಇಂಡಿಯನ್ ಆಂಟಿಯೊಬ್ಬರ ಮಡಿಲಲ್ಲಿ ಮಾತ್ರ ಹಳೆಯ ಇಂಗ್ಲಿಷ್ ಬೈಬಲ್ಲು. ಅದರ ಬೆನ್ನಿಗೆ ಪ್ಲಾಸ್ಟರ್ ಅಂಟಿಸಿದ್ದರು.

ಅಂದು ಓದುತ್ತಿದ್ದದ್ದು ಯೋಬನ ಪುಸ್ತಕದ 28ನೆಯ ಅಧ್ಯಾಯ. ಇಡೀ ಬೈಬಲ್ಲಿನಲ್ಲಿ ಗಣಿಗಾರಿಕೆಯ ಬಗ್ಗೆ ಇಷ್ಟು ವಿವರವಾಗಿ ಹೇಳುವ ಭಾಗ ಇನ್ನೊಂದಿಲ್ಲ. ಬೆಳ್ಳಿ ಬಂಗಾರಕ್ಕಾಗಿ ಮನುಷ್ಯ ಕತ್ತಲೆಯನ್ನೇ ಕೊರೆಯುತ್ತಾನೆ, ಬೆಟ್ಟದ ಬುಡ ಮಗುಚುತ್ತಾನೆ, ಒಸರುವ ನೀರನ್ನು ಕಟ್ಟಿ ನಿಲ್ಲಿಸುತ್ತಾನೆ. ಆದರೆ ಜ್ಞಾನ ಎಲ್ಲಿ ಸಿಕ್ಕೀತು ಎಂದು ಕೇಳುವ ಅಧ್ಯಾಯ ಅದು. ಯುವಕರಾದ ಸಭಾಪಾಲಕರು ನಾಲ್ಕನೆಯ ವಚನಕ್ಕೆ ಬಂದು, ಜನವಸತಿಯಿಂದ ದೂರ ಕೆಲಸಗಾರರು ತೂಗಾಡುತ್ತಾರೆ ಎಂಬುದು ಒಂದು ಕಾವ್ಯಚಿತ್ರ ಎಂದು ವಿವರಿಸಿದರು. ಮೂಲೆಯಿಂದ ದನಿ ಬಂತು.

“ಅಯ್ಯನೋರೆ, ಅದು ಚಿತ್ರ ಅಲ್ಲ. ಹಗ್ಗದಲ್ಲಿ ಇಳಿಯೋವಾಗ ಮೈ ತಾನಾಗೇ ತಿರುಗುತ್ತೆ. ಗೋಡೆಗೆ ಕಾಲು ಕೊಟ್ಟು ನಿಲ್ಲಿಸ್ಬೇಕು.”

ಹೇಳಿದವರು ಎಂಬತ್ತರ ಹತ್ತಿರದ ತಾತ. ಶಾಫ್ಟ್ ರಿಪೇರಿ ಗ್ಯಾಂಗಿನಲ್ಲಿ ದುಡಿದವರಂತೆ. ಸಭಾಪಾಲಕರು ಕೈಯಲ್ಲಿದ್ದ ಪಾಠದ ಪುಸ್ತಕ ಮಡಚಿ ಮೇಜಿನ ಮೇಲಿಟ್ಟು, “ಆಮೇಲೆ?” ಅಂದರು. ಆ ‘ಆಮೇಲೆ’ ಕೇಳಿದಂದಿನಿಂದ ನನ್ನ ತಲೆಯಲ್ಲಿ ಈ ವಾರದ ಅಂಕಣ ಓಡಾಡುತ್ತಿದೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮಲ್ಲಿ ಗಾದೆ. ದೊಡ್ಡವರಿಗೆ ಕಲಿಸುವುದು ದಂಡ ಎನ್ನಲು ಎಲ್ಲರೂ ಇದನ್ನೇ ಎಳೆದು ತರುತ್ತಾರೆ. ಗಾದೆಯ ಒಳಗೆ ಅಡಗಿರುವ ಇನ್ನೊಂದು ಊಹೆ ನಮ್ಮ ಕಣ್ಣಿಗೆ ಬೀಳುವುದಿಲ್ಲ: ಕಲಿಯುವುದೆಂದರೆ ಬಗ್ಗುವುದು. ‘ಶಿಷ್ಯ’ ಎಂಬ ಮಾತೂ ಇದೇ ಹಾದಿಯದು. ಶಾಸನ, ಶಾಸ್ತ್ರಗಳ ಜೊತೆಗೆ ‘ಶಾಸ್’ ಧಾತುವಿನಿಂದಲೇ ಅದು ಹುಟ್ಟಿದೆ. ಹೇಳಿಸಿಕೊಳ್ಳಬೇಕಾದವನು, ಅಂಕೆಯಲ್ಲಿರಬೇಕಾದವನು ಎಂಬ ಭಾರ ಅದಕ್ಕಿದೆ. ಸುವಾರ್ತೆಗಳ ಗ್ರೀಕ್ ಮೂಲದಲ್ಲಿ ಆ ಜಾಗದಲ್ಲಿರುವ ಪದ ‘ಮಥೆತೆಸ್’. ಕಲಿಯುತ್ತಿರುವವನು ಎಂದಷ್ಟೇ ಅದರ ಅರ್ಥ. ಇಂಗ್ಲಿಷಿನವರು ಗಣಿತಕ್ಕೆ ಇಟ್ಟ ಹೆಸರೂ ಅದೇ ಬೇರಿನದು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕೈಹಾಕಿದ ಕನ್ನಡ ಬೈಬಲ್ 1831ರ ಹೊತ್ತಿಗೆ ಪೂರ್ತಿಯಾಯಿತು. ನಮ್ಮ ಬೈಬಲ್ಲಿನಲ್ಲಿ ‘ಶಿಷ್ಯ’ನೇ ಉಳಿದ, ತೆಲುಗಿನಲ್ಲೂ ಅವನೇ, ತಮಿಳಿನಲ್ಲಿ ಸ್ವಲ್ಪ ವೇಷ ಬದಲಿಸಿ ‘ಸೀಷರ್’ ಆದ. ಅನುವಾದಕರ ತಪ್ಪೆಂದು ನಾನು ಹೇಳಲಾರೆ, ಜನರ ಬಾಯಲ್ಲಿ ಇದ್ದ ಪದ ಅದೇ. ಆದರೆ ಪದದ ಬೆನ್ನಿಗೆ ಗುರುವಿನ ಮುಂದೆ ಕೈಕಟ್ಟಿ ನಿಲ್ಲುವ ಭಂಗಿಯೂ ಒಳಗೆ ಬಂದುಬಿಟ್ಟಿತು. (‘ಶಿಕ್ಷೆ’ಯದು ಇನ್ನೊಂದು ಕಥೆ. ಸಂಸ್ಕೃತದಲ್ಲಿ ಅದು ಶಕ್ತನಾಗಬೇಕೆಂಬ ಬಯಕೆಯಿಂದ ಹುಟ್ಟಿದ ಪದ. ಕನ್ನಡದಲ್ಲಿ ಅದು ಜೈಲು ಸೇರಿದ್ದು ಹೇಗೋ, ಮೇಷ್ಟರುಗಳನ್ನೇ ಕೇಳಬೇಕು.)

ಕ್ರೈಸ್ತ ಸಭೆ ಹುಟ್ಟಿದಾಗ ಪಾಠ ಇದ್ದದ್ದೇ ದೊಡ್ಡವರಿಗೆ. ‘ಅಪೊಸ್ತಲಿಕ ಸಂಪ್ರದಾಯ’ ಎಂಬ ಪ್ರಾಚೀನ ಗ್ರಂಥ ದೀಕ್ಷಾಸ್ನಾನಕ್ಕೆ ಮೊದಲು ಮೂರು ವರ್ಷ ಕೇಳುಗರಾಗಿ ಕೂರಬೇಕು ಎನ್ನುತ್ತದೆ. ಜೊತೆಗೆ, ನೀನು ಹೊಟ್ಟೆಗೆ ಏನು ಕೆಲಸ ಮಾಡುತ್ತೀ ಎಂದೂ ವಿಚಾರಿಸುತ್ತದೆ. ಮುಂದೆ ಹಸುಗೂಸುಗಳಿಗೇ ಸ್ನಾನ ಕೊಡುವುದು ಎಲ್ಲೆಡೆ ರೂಢಿಯಾಯಿತು. ದೊಡ್ಡವರ ತರಗತಿಗೆ ಕೆಲಸವೇ ಉಳಿಯಲಿಲ್ಲ. ಜ್ಞಾನೋಪದೇಶ ಮಕ್ಕಳ ಬಾಯಿಪಾಠವಾಯಿತು. ಕ್ಯಾಥೋಲಿಕರು ಆ ಹಳೆಯ ಏರ್ಪಾಡನ್ನು ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1972ರಲ್ಲಿ, ಮತ್ತೆ ಊರ್ಜಿತಗೊಳಿಸಿದರು.

ದೊಡ್ಡವರ ತರಗತಿ ಇನ್ನೂ ನಡೆಯುತ್ತಿದ್ದ ಆ ಹಳೆಯ ಕಾಲದಿಂದ ನನಗೆ ಬಲು ಪ್ರಿಯವಾದ ಒಂದು ಪುಟ್ಟ ಪುಸ್ತಕ ಉಳಿದಿದೆ. ಸುಮಾರು ಕ್ರಿ.ಶ. 400ರಲ್ಲಿ ಕಾರ್ಥೇಜಿನ ದೇವೊಗ್ರಾತಿಯಾಸ್ ಎಂಬ ಉಪದೇಶಕ ಸಂತ ಅಗಸ್ಟೀನನ ಹತ್ತಿರ ಗೋಳು ತೋಡಿಕೊಂಡ: ಹೊಸಬರಿಗೆ ಹೇಳಿದ್ದನ್ನೇ ಹೇಳಿ ನನಗೇ ಆಕಳಿಕೆ ಬರುತ್ತಿದೆ, ಕೇಳುವವರ ಗತಿಯೇನು? ಅಗಸ್ಟೀನ್ ಉತ್ತರವಾಗಿ ಒಂದು ಗ್ರಂಥವನ್ನೇ ಬರೆದ. ಅದರಲ್ಲಿರುವ ದೇವರ ಮಹಿಮೆಗಿಂತ ನನ್ನನ್ನು ಹಿಡಿದದ್ದು ಕುರ್ಚಿಯ ಮಾತು. ಕೇಳುವವನು ನಿಂತು ನಿಂತು ದಣಿದಿದ್ದಾನೆ ಅನ್ನಿಸಿದರೆ ಮೊದಲು ಅವನನ್ನು ಕೂರಿಸು ಎನ್ನುತ್ತಾನೆ. ಆ ಕಾಲದ ಆಫ್ರಿಕಾದ ಚರ್ಚುಗಳಲ್ಲಿ ಗುರುಗಳು ಕೂತು, ಜನ ನಿಂತು ಕೇಳುವುದು ವಾಡಿಕೆ; ಸಮುದ್ರದಾಚೆ ಜನರಿಗೂ ಆಸನ ಕೊಡುತ್ತಾರೆ, ಅದೇ ಒಳ್ಳೆಯದು ಎಂಬುದು ಅವನ ಮತ. ಹೇಳಿದ್ದನ್ನೇ ಹೇಳುವ ಬೇಸರಕ್ಕೆ ಅವನ ಮದ್ದು ಇನ್ನೂ ಸೊಗಸು. ನಮಗೆ ಹಳತಾದ ಊರನ್ನು ಹೊಸದಾಗಿ ಬಂದ ನೆಂಟನಿಗೆ ತೋರಿಸುವಾಗ, ಅವನ ಕಣ್ಣಿನ ಬೆರಗಿನಿಂದ ನಮಗೂ ಆ ಊರು ಹೊಸದಾಗುವುದಿಲ್ಲವೇ? ಸಾವಿರದ ಆರುನೂರು ವರ್ಷದ ಹಿಂದಿನ ಮಾತು, ಬಿ.ಎಡ್. ಪಠ್ಯದಲ್ಲಿ ನಾನಂತೂ ಇಂಥದ್ದನ್ನು ಕಂಡಿಲ್ಲ.

ಚಿನ್ನದ ಗಣಿಯ ಊರಿಗೆ ಹತ್ತಿರದ ನೆಂಟಸ್ತಿಕೆ ಇರುವುದು ಇನ್ನೊಬ್ಬರ ತರಗತಿಗೆ. 1742ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಮೆಥೊಡಿಸ್ಟ್ ಬೋಧಕ ಜಾನ್ ವೆಸ್ಲಿಯ ಕಡೆಯವರು ಪ್ರಾರ್ಥನಾ ಮಂದಿರ ಕಟ್ಟಿದ ಸಾಲ ತೀರಿಸುವುದು ಹೇಗೆಂದು ತಲೆ ಕೆರೆದುಕೊಳ್ಳುತ್ತ ಕೂತಿದ್ದರು. ಕ್ಯಾಪ್ಟನ್ ಫಾಯ್ ಎಂಬಾತ ಎದ್ದು, ತಲೆಗೆ ವಾರಕ್ಕೊಂದು ಪೆನ್ನಿ ಹಾಕೋಣ ಅಂದ. ಬಡವರಿಗೆ ಅದೂ ಕಷ್ಟ ಎಂದರು. ಹನ್ನೊಂದು ಬಡವರನ್ನು ನನಗೆ ವಹಿಸಿ, ಅವರಿಂದಾಗದ್ದನ್ನು ನಾನೇ ತುಂಬುತ್ತೇನೆ ಎಂದ ಫಾಯ್. ಹಾಗೆ ಹನ್ನೆರಡು ಹನ್ನೆರಡು ಜನರ ಗುಂಪುಗಳಾದವು. ದುಡ್ಡೆತ್ತಲು ವಾರವಾರ ಮನೆಗೆ ಹೋದ ಮುಖಂಡರು ಯಾವ ಮನೆಯಲ್ಲಿ ಕಾಯಿಲೆ, ಎಲ್ಲಿ ಕುಡಿತ, ಎಲ್ಲಿ ಜಗಳ ಎಂದು ಕಂಡು ಬಂದರು. ಮನೆಮನೆ ಅಲೆಯುವ ಬದಲು ಒಂದೆಡೆ ಸೇರೋಣವೆಂದಾಯಿತು. ಮೆಥೊಡಿಸ್ಟರ ಹೆಸರಾಂತ ‘ಕ್ಲಾಸ್ ಮೀಟಿಂಗ್’ ಹುಟ್ಟಿದ್ದು ಹೀಗೆ, ನಮ್ಮ ಚೀಟಿ ವ್ಯವಹಾರದ ಖಾಸಾ ತಮ್ಮನ ಹಾಗೆ. ಕೆಜಿಎಫ್‌ನಲ್ಲಿ ಚೀಟಿ ಹಾಕಿದ ಯಾವ ಹೆಂಗಸಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾರಕ್ಕೊಮ್ಮೆ ಹತ್ತು ರೂಪಾಯಿಗಾಗಿ ಸೇರುವವರಿಗೆ ಒಬ್ಬರ ಮನೆಯ ಒಲೆ ಇನ್ನೊಬ್ಬರಿಗೆ ಗೊತ್ತಿರುತ್ತದೆ.

ಈ ಕ್ಲಾಸುಗಳು ಗಟ್ಟಿಯಾಗಿ ಬೇರು ಬಿಟ್ಟದ್ದು ಇಂಗ್ಲೆಂಡಿನ ತುದಿಯ ಕಾರ್ನ್‌ವಾಲಿನಲ್ಲಿ, ತವರ ತಾಮ್ರಗಳ ಗಣಿಗಾರರ ನಡುವೆ. ಅಲ್ಲಿ ಗ್ವೆನಪ್ ಎಂಬಲ್ಲಿ, ಗಣಿ ಕುಸಿದು ಆದದ್ದೆಂದು ಹೇಳುವ ಒಂದು ತಗ್ಗಿನಲ್ಲಿ, 1762ರಿಂದ 1789ರ ನಡುವೆ ವೆಸ್ಲಿ ಹದಿನೆಂಟು ಸಲ ಬೋಧಿಸಿದ. ಮುಂದಿನ ಶತಮಾನದಲ್ಲಿ ಅಲ್ಲಿನ ಗಣಿಗಳು ಬತ್ತಿದಾಗ ಆ ಜನ ಕೆಲಸ ಹುಡುಕಿ ಲೋಕವೆಲ್ಲ ಚೆದುರಿದರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕೋಲಾರದ ಚಿನ್ನಕ್ಕೆ ಕೈಹಾಕಿದ ಮೇಲೆ ಕಾರ್ನ್‌ವಾಲಿನ ಗಣಿಗಾರರು ಇಲ್ಲಿಗೂ ಬಂದರು. ಅವರಿದ್ದದ್ದು ಬಂಗಲೆಗಳಲ್ಲಿ, ತಮಿಳು ತೆಲುಗು ಮಾತಾಡುವ ಕೂಲಿಗಳಿದ್ದದ್ದು ತಗಡು ತಡಿಕೆಯ ಲೈನುಗಳಲ್ಲಿ. ತಮ್ಮ ಊರಿನಲ್ಲಿ ಹನ್ನೆರಡು ಜನ ಸಮಸಮ ಕೂತು ಆತ್ಮದ ಲೆಕ್ಕ ಒಪ್ಪಿಸಿದವರ ಮೊಮ್ಮಕ್ಕಳಿಗೆ, ಇಲ್ಲಿ ಶಾಫ್ಟಿನಲ್ಲಿ ಜೊತೆಗೆ ಇಳಿದವನು ಭಾನುವಾರ ಪಕ್ಕದಲ್ಲಿ ಕೂರಬೇಕಾದವನೆಂದು ಅನಿಸಿದ್ದು ಕಡಿಮೆ.

ಪಕ್ಕಕ್ಕೆ ಕರೆಯದಿದ್ದರೆ ಜನ ತಾವೇ ಕೂಟ ಕಟ್ಟಿಕೊಳ್ಳುತ್ತಾರೆ. ತಮಿಳು ದಲಿತ ಚಿಂತಕ ಅಯೋತ್ತಿದಾಸ ಪಂಡಿತರ ಶಾಕ್ಯ ಬೌದ್ಧ ಸಂಘದ ಶಾಖೆಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಬೇರೂರಿದವು. ಶಿಫ್ಟ್ ಮುಗಿಸಿದ ದಲಿತ ಕಾರ್ಮಿಕರು ಅಲ್ಲಿ ಸೇರಿ ಉಪನ್ಯಾಸ ಕೇಳಿದರು, ಜಾತಿಯ ಬಗ್ಗೆ ವಾದ ಮಾಡಿದರು. ಪಂಡಿತರ ಬರಹಗಳನ್ನು ಪುಸ್ತಕವಾಗಿ ತಂದದ್ದು ಚಾಂಪಿಯನ್ ರೀಫ್‌ನ ಸಿದ್ಧಾರ್ಥ ಪುಸ್ತಕಶಾಲೆ. 1914ರಲ್ಲಿ ಅವರು ತೀರಿಕೊಂಡು, ಅವರ ‘ತಮಿಳನ್’ ಪತ್ರಿಕೆ ನಿಂತುಹೋದ ಮೇಲೆ, 1926ರಲ್ಲಿ ಅದು ಮತ್ತೆ ಹೊರಟದ್ದೂ ಈ ಚಿನ್ನದ ಊರಿನಿಂದಲೇ. ಕ್ರೈಸ್ತ ಶಿಕ್ಷಣದ ಬಗ್ಗೆ ಬರೆಯುತ್ತ ಬೌದ್ಧರನ್ನು ಯಾಕೆ ತಂದಿರಿ ಎಂದು ಕೇಳುವವರಿದ್ದಾರೆ. ಉರಿಗಾಮಿನ ದೊಡ್ಡವರ ತರಗತಿಗೆ ಆಚೆ ಬೀದಿಯ ಪ್ರತಿಸ್ಪರ್ಧಿ ಇದ್ದದ್ದು ಇವರೇ. ಅಲ್ಲಿ ಪ್ರಶ್ನೆ ಕೇಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಈಗ ಗಣಿಯಿಲ್ಲ. 2001ರ ಫೆಬ್ರವರಿ 28ರಂದು ಬಾಗಿಲು ಬಿತ್ತು. ಸೈನೈಡ್ ದಿಬ್ಬಗಳು ಉಳಿದಿವೆ, ಗಾಳಿ ಎದ್ದರೆ ಅಂಗಳಕ್ಕೆ ಬರುತ್ತವೆ. 1894ರಲ್ಲಿ ಗಣಿಗೆಂದೇ ಹಾಕಿದ ಬಂಗಾರಪೇಟೆ–ಮಾರಿಕುಪ್ಪಂ ರೈಲು ಹಾದಿಯಲ್ಲಿ ಈಗ ಹೋಗುವ ಸರಕು ಮನುಷ್ಯರು. ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಮರಳುವವರು. ಇವರಿಗೆ ಬುಧವಾರ ಸಂಜೆ ಆರಕ್ಕೆ ಬೈಬಲ್ ಅಧ್ಯಯನ ಎಂದು ಬೋರ್ಡು ಹಾಕಿದರೆ ಬರುವವರು ನಿವೃತ್ತರು ಮಾತ್ರ.

ಇದೇ ತೊಡಕನ್ನು 1963ರಲ್ಲಿ ಗ್ವಾಟೆಮಾಲಾದ ಪ್ರೆಸ್ಬಿಟೇರಿಯನ್ ಸೆಮಿನರಿಯೊಂದು ಬಿಡಿಸಿದ ಬಗೆ ಜಾಣತನದ್ದು. ಹೊಲ, ಕೆಲಸ, ಸಂಸಾರ ಬಿಟ್ಟು ಸೆಮಿನರಿಗೆ ಬರಲಾರದವರ ಬಳಿಗೆ ಸೆಮಿನರಿಯೇ ಹೋಯಿತು. ಪಾಠ ಮನೆಯಲ್ಲಿ ಓದಿಕೊಳ್ಳುವುದು, ವಾರಕ್ಕೊಮ್ಮೆ ಕೂಡಿ ಚರ್ಚಿಸುವುದು. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಟ್ಯಾಫ್ಟಿ ಸಂಸ್ಥೆ ಅದೇ ಕ್ರಮವನ್ನು ನಮ್ಮ ದೇಶಕ್ಕೆ ತಂದಿತು. ರೈಲಿನಲ್ಲಿ ದಿನಾ ನಾಲ್ಕು ಗಂಟೆ ಕಳೆಯುವ ಊರಿಗೆ ಇದಕ್ಕಿಂತ ಹೊಂದುವ ಏರ್ಪಾಡು ನನಗಂತೂ ತೋಚುವುದಿಲ್ಲ. ಆ ಬೋಗಿಗಳಲ್ಲಿ ಜಪಮಾಲೆ ತಿರುಗಿಸುವವರನ್ನೂ ಭಜನೆ ಹಾಡುವವರನ್ನೂ ನಾನೇ ನೋಡಿದ್ದೇನೆ.

ನನ್ನ ತಕರಾರು ಇರುವುದು ಈಚೆಗೆ ಊರೂರಿಗೆ ಬರುತ್ತಿರುವ ಶಿಷ್ಯತ್ವದ ಕೈಪಿಡಿಗಳ ಬಗ್ಗೆ. ಎಲ್ಲೋ ದೂರದಲ್ಲಿ ಬರೆದು, ಅವಸರದಲ್ಲಿ ಕನ್ನಡಿಸಿ, ಹೊಳೆಯುವ ಕಾಗದದಲ್ಲಿ ಅಚ್ಚಾದವು. ಹನ್ನೆರಡು ಪಾಠ, ಪಾಠಕ್ಕೆ ಹತ್ತು ಬಿಟ್ಟ ಸ್ಥಳ, ಕೊನೆಗೊಂದು ಸರ್ಟಿಫಿಕೇಟು. ಬಿಟ್ಟ ಸ್ಥಳದಲ್ಲಿ ತುಂಬಬೇಕಾದ ಪದ ಮೇಲಿನ ವಾಕ್ಯದಲ್ಲೇ ಇರುತ್ತದೆ. ಅರುವತ್ತು ಡಿಗ್ರಿ ದಾಟಿ ಸುಡುವ ಬಂಡೆಯ ಮಗ್ಗುಲಲ್ಲಿ ಮೂವತ್ತು ವರ್ಷ ದುಡಿದವನಿಗೆ, ಬಂಡೆ ಸಿಡಿದು ಗೆಳೆಯರು ಹೋದ ದಿನ ಮೇಲೆ ಬಂದು ಮರುದಿನ ಮತ್ತೆ ಇಳಿದವನಿಗೆ, ‘ಕಷ್ಟಗಳಲ್ಲಿ ನಾನು ದೇವರನ್ನು ______’ ಎಂದು ಪೆನ್ಸಿಲು ಕೊಟ್ಟರೆ ಅವನು ಏನು ಬರೆಯಬೇಕು? ಅವನ ಉತ್ತರ ಆ ಗೆರೆಯಲ್ಲಿ ಹಿಡಿಯುವುದಿಲ್ಲ.

ಮತ್ತೆ ಆ ಕೊಠಡಿಗೆ ಬರುತ್ತೇನೆ. ಸಭಾಪಾಲಕರು ‘ಆಮೇಲೆ?’ ಅಂದದ್ದೇ ತಡ, ಪಾಠ ಆರು ಮಾಯವಾಯಿತು. ಆಂಟಿಯ ಇಂಗ್ಲಿಷ್ ಬೈಬಲ್ಲಿನಲ್ಲಿ ಅದೇ ನಾಲ್ಕನೆಯ ವಚನದಲ್ಲಿ ಗಣಿಯ ಸುಳಿವೇ ಇಲ್ಲ, ‘ಪ್ರವಾಹ’ ಎಂದಿದೆ! 1611ರ ಅನುವಾದ ಅದು. ಹೀಬ್ರೂ ಮೂಲದ ‘ನಹಲ್’ ಎಂಬ ಪದಕ್ಕೆ ಸಾಮಾನ್ಯ ಅರ್ಥ ಹಳ್ಳ, ತೊರೆ. ಈಚಿನ ವಿದ್ವಾಂಸರು ಅಲ್ಲಿ ಅದನ್ನು ಗಣಿಯ ಶಾಫ್ಟ್ ಎಂದು ಓದುತ್ತಾರೆ. ತೂಗಾಡುವ ಗಣಿಗಾರರು ಹೊಸ ಅನುವಾದಗಳಲ್ಲಿ ಸ್ಪಷ್ಟವಾಗಿ ಕಾಣುತ್ತಾರೆ, ಹಳೆಯದರಲ್ಲಿ ನೀರು ನುಗ್ಗಿ ಬರುತ್ತದೆ. ಯಾವುದು ಸರಿ ಎಂದು ತೆಲುಗಿನ ಅಕ್ಕ ಕೇಳಿದರು. ಸಭಾಪಾಲಕರು ನೇರವಾಗಿ, ಪಂಡಿತರಿಗೇ ಇತ್ಯರ್ಥ ಆಗಿಲ್ಲ ಅಂದರು. ತಾತ ನಕ್ಕರು. “ಎರಡೂ ಒಂದೇ ಕಣಮ್ಮ. ಶಾಫ್ಟ್ ತೋಡಿದ್ರೆ ನೀರು ಬಂದೇ ಬರುತ್ತೆ. ಪಂಪು ನಿಲ್ಲಿಸಿದ್ರು, ನೋಡು, ಈಗ ಒಳಗೆಲ್ಲ ನೀರೇ.”

ಆ ಅಧ್ಯಾಯ ಮುಂದೆ ಆಳವನ್ನೇ ಮಾತಾಡಿಸುತ್ತದೆ; ಜ್ಞಾನ ನನ್ನಲ್ಲಿಲ್ಲ ಎಂದು ಆಳ ಕೈಯಲ್ಲಾಡಿಸಿಬಿಡುತ್ತದೆ. ಚಾಂಪಿಯನ್ ರೀಫ್‌ನ ಆಳದಲ್ಲೇ 1965ರಲ್ಲಿ ವಿಜ್ಞಾನಿಗಳು ವಾತಾವರಣದಿಂದ ಬಂದ ನ್ಯೂಟ್ರಿನೋಗಳ ಜಾಡು ಹಿಡಿದದ್ದನ್ನು ಹೇಳೋಣವೆಂದು ನನ್ನ ನಾಲಗೆ ತುದಿಗೆ ಬಂದಿತ್ತು. ಹೇಳಲಿಲ್ಲ. ಆಗ ಮಾತಾಡುತ್ತಿದ್ದವರು, ಗಂಡನ ಗ್ರಾಚ್ಯುಯಿಟಿಗಾಗಿ ವರ್ಷಗಟ್ಟಲೆ ಕಚೇರಿ ಸುತ್ತಿದ ಹೆಂಗಸೊಬ್ಬರು. ಯೋಬನ ಗೆಳೆಯರು ಮೊದಲ ಏಳು ದಿನ ಬಾಯಿ ಮುಚ್ಚಿಕೊಂಡು ಅವನ ಪಕ್ಕ ಕೂತಿದ್ದರಲ್ಲ, ಅಷ್ಟು ಮಾಡಿದ್ದರೆ ಸಾಕಿತ್ತು, ಆಮೇಲೆ ಉಪದೇಶ ಶುರು ಮಾಡಿದ್ದೇ ಕೆಟ್ಟದ್ದಾಯಿತು ಎಂದು ಅವರು ತಮಿಳಿನಲ್ಲಿ ಹೇಳಿದರು. ಯಾರೂ ಟೀಕೆ ಮಾಡಲಿಲ್ಲ.

ಒಂದೂವರೆಗೆ ಮನೆಗಳಿಂದ ಮಸಾಲೆ ಹುರಿಯುವ ವಾಸನೆ ಬಂದು, ತರಗತಿ ತಾನಾಗಿ ಚೆದುರಿತು. ತಾತ ಎದ್ದಿರಲಿಲ್ಲ. ಕಾಣಿಕೆಯ ಕವರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು: ಇದು ಶಾಫ್ಟು, ಇದು ಹಗ್ಗ, ಇಲ್ಲಿ ನೀರು ಒಸರುತ್ತಿತ್ತು, ಇಲ್ಲಿ ಕಾಲು ಕೊಡಬೇಕು. ಸಭಾಪಾಲಕರು ಪಕ್ಕದ ಕುರ್ಚಿಗೆ ಬಂದು ಕೂತು, ಎಷ್ಟು ಅಡಿ ಎಂದು ಕೇಳಿ, ಹೇಳಿದ್ದನ್ನು ಅಂಚಿನಲ್ಲಿ ಬರೆದುಕೊಂಡರು. ಆಮೇಲೆ ಆ ಕವರನ್ನು ತಮ್ಮ ಬೈಬಲ್ಲಿನೊಳಗೆ, ಯೋಬ 28ರ ಪುಟಕ್ಕೆ ಸೇರಿಸಿದರು.