ಮೊತ್ತ ಒಂದೇ, ಬಾಬ್ತು ಬೇರೆ

ಸರ್ಕಾರ ಎಲ್ಲ ಧರ್ಮಗಳನ್ನೂ ಒಂದೇ ಕಣ್ಣಿನಿಂದ ನೋಡುತ್ತಿದೆಯೇ? ಮೊತ್ತದ ಮಟ್ಟಿಗೆ ಹೌದು, ಲೆಕ್ಕದ ಮಟ್ಟಿಗೆ ಇಲ್ಲ. 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಮಂಡಿಸಿದ ಬಜೆಟ್‌ಗೆ ‘ಹಲಾಲ್ ಬಜೆಟ್’ ಎಂಬ ಹೆಸರು ಬಿದ್ದಾಗಿನಿಂದ ಅಂಕಣಗಳಲ್ಲಿ ಒಂದೇ ಹಾಡು. ಹುಂಡಿ ದುಡ್ಡು ಮಸೀದಿಗೆ ಹೋಯಿತು ಎನ್ನುವವರು ಕೆಲವರು, ಎಲ್ಲರಿಗೂ ಸಮಪಾಲು ಸಿಕ್ಕಿತು ಎನ್ನುವವರು ಕೆಲವರು. ಇಬ್ಬರೂ ಬಜೆಟ್ ಪುಸ್ತಕ ತೆರೆದಂತಿಲ್ಲ.

ಆ ಬಜೆಟ್‌ನಲ್ಲಿ ಪೇಶ್ ಇಮಾಮರು, ಜೈನ ಅರ್ಚಕರು ಮತ್ತು ಸಿಖ್ ಮುಖ್ಯ ಗ್ರಂಥಿಗಳ ಗೌರವಧನ ತಿಂಗಳಿಗೆ 6,000 ರೂಪಾಯಿಗೆ ಏರಿತು. ಕಡಿಮೆ ಆದಾಯದ ಮುಜರಾಯಿ ‘ಸಿ’ ವರ್ಗದ ದೇವಸ್ಥಾನಗಳಿಗೆ ಸರ್ಕಾರ ಪೂಜೆಗೆಂದು ಕೊಡುವ ತಸ್ತೀಕು ವರ್ಷಕ್ಕೆ 60,000ದಿಂದ 72,000 ಆಯಿತು. ಹನ್ನೆರಡರಿಂದ ಭಾಗಿಸಿ ನೋಡಿ. ಅದೂ 6,000! ಈ ಸಂಖ್ಯೆಯನ್ನು ಎರಡೂ ಕಡೆಯವರು ಬಚ್ಚಿಡುತ್ತಾರೆ. ಒಂದು ಕಡೆಯವರ ಕೂಗು ಇದರಿಂದ ಅಡಗುತ್ತದೆ. ಇನ್ನೊಂದು ಕಡೆಯವರು, ದೇವಸ್ಥಾನದ ಈ 6,000ದಲ್ಲೇ ದೀಪದ ಎಣ್ಣೆ, ಹೂವು, ನೈವೇದ್ಯವೂ ಸೇರಿದೆ ಎಂದು ಒಪ್ಪಿಕೊಳ್ಳಬೇಕಾಗುತ್ತದೆ.

ಹುಂಡಿಯ ಮಾತನ್ನು ಮೊದಲು ಮುಗಿಸೋಣ. ನಾಯಕನಹಟ್ಟಿ ಜಾತ್ರೆಯಲ್ಲಿ ಕೊಬ್ಬರಿ ಸುಡುವ ಹೊಗೆಯ ನಡುವೆ ತಿಪ್ಪೇರುದ್ರಸ್ವಾಮಿಯ ಮುಕ್ತಿಬಾವುಟ ಲಕ್ಷಗಟ್ಟಲೆಗೆ ಹರಾಜಾಗುತ್ತದೆ. ಆ ದುಡ್ಡು ಮಸೀದಿಗೆ ಹೋಗಲು 1997ರ ಧಾರ್ಮಿಕ ದತ್ತಿ ಕಾಯ್ದೆಯಲ್ಲಿ ದಾರಿಯೇ ಇಲ್ಲ. ದೊಡ್ಡ ದೇವಸ್ಥಾನಗಳಿಂದ ಸಾಮಾನ್ಯ ಸಂಗ್ರಹಣಾ ನಿಧಿಗೆ ಬಂದದ್ದನ್ನೂ ಹಿಂದೂ ಸಂಸ್ಥೆಗಳಿಗೇ ಬಳಸಬೇಕು. ತಸ್ತೀಕು, ಗೌರವಧನ ಎರಡೂ ಬರುವುದು ಖಜಾನೆಯಿಂದ.

ಆದರೆ ಖಜಾನೆ ಕೊಡುವುದಾದರೂ ಏಕೆ? ತಸ್ತೀಕಿಗೆ ಒಂದು ಉತ್ತರವಿದೆ. ದೇವರ ಹೆಸರಿನಲ್ಲಿದ್ದ ಭೂಮಿಯನ್ನು 1955ರ ಮೈಸೂರು ಧಾರ್ಮಿಕ ಇನಾಂ ರದ್ದಿಯಾತಿ ಕಾಯ್ದೆ ಸರ್ಕಾರದ ವಶಕ್ಕೆ ತಂದಿತು. ಅದರ ಬದಲಿಗೆ ಬಂದದ್ದು ವರ್ಷಾಶನ. ಅದು ದಾನವಲ್ಲ, ಋಣ. ಸಂವಿಧಾನಕ್ಕೂ ಈ ಲೆಕ್ಕ ಗೊತ್ತು. ತಿರುವಾಂಕೂರು ದೇವಸ್ವಂ ನಿಧಿಗೆ ಕೇರಳ ಸರ್ಕಾರ ವರ್ಷಕ್ಕೆ 46.5 ಲಕ್ಷ ರೂಪಾಯಿ ಕೊಡಬೇಕೆಂದು 290ಎ ವಿಧಿ ಹೇಳುತ್ತದೆ. ಹಿಂದೆ ಅರಮನೆ ಸರ್ಕಾರ ವಹಿಸಿಕೊಂಡ ದೇವಸ್ವಂ ಭೂಮಿಯ ಋಣ ಅದು. ಆದರೆ ನಮ್ಮ 72,000ದಲ್ಲಿ ಹಳೆಯ ಋಣ ಎಷ್ಟು, ಈಚಿನ ಔದಾರ್ಯ ಎಷ್ಟು? ಬಜೆಟ್ ಬಾಯಿ ಬಿಡುವುದಿಲ್ಲ. ಇಮಾಮರ 6,000 ಬಡ ಸೇವಕರ ನೆರವೋ ಧರ್ಮಕ್ಕೆ ಸಂದ ಗೌರವವೋ, ಅದನ್ನೂ ಹೇಳುವುದಿಲ್ಲ. ಬಾಬ್ತು ಬರೆಯದೆ ಹಣ ಕೊಟ್ಟರೆ ಋಣವೂ ಓಲೈಕೆಯಾಗಿ ಕಾಣುತ್ತದೆ, ಓಲೈಕೆಯೂ ನ್ಯಾಯದ ವೇಷ ತೊಡುತ್ತದೆ.

ಈ ಮಾತಿನ ಬಿಸಿ ತಟ್ಟುವುದು ಚಳ್ಳಕೆರೆ, ಮೊಳಕಾಲ್ಮೂರಿನ ಹಟ್ಟಿಗಳಲ್ಲಿ. ಅಲ್ಲಿನ ಮ್ಯಾಸಬೇಡ ಸಮುದಾಯದ ದೇವರ ಎತ್ತುಗಳಿಗೆ ನೊಗ ಹೂಡುವಂತಿಲ್ಲ, ಅವನ್ನು ಸಂತೆಗೆ ಹೊಡೆಯುವಂತಿಲ್ಲ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಹಿಡಿದು ಅವುಗಳ ಹಿಂದೆ ದಿನವಿಡೀ ಅಲೆಯುವ ಕಿಲಾರಿಯ ದುಡಿಮೆಯೇ ಪೂಜೆ. ಗರ್ಭಗುಡಿಯಿಲ್ಲ, ಹುಂಡಿಯಿಲ್ಲ, ಹುಲ್ಲಿದ್ದರೆ ದೇವರಿದ್ದಂತೆ. ಅರ್ಚಕ, ಇಮಾಮ, ಗ್ರಂಥಿ ಎಲ್ಲರೂ ಇರುವ ಬಜೆಟ್‌ನ ಪಟ್ಟಿಯಲ್ಲಿ ಕಿಲಾರಿಯ ಹೆಸರಿಲ್ಲ.

ಹುಲ್ಲಿನ ಕಥೆಯೋ? ಸುಮಾರು 15 ವರ್ಷಗಳ ಹಿಂದೆ ಚಳ್ಳಕೆರೆ ತಾಲ್ಲೂಕಿನ ಅಮೃತ್ ಮಹಲ್ ಕಾವಲು ಎಂಬ ಹುಲ್ಲುಗಾವಲಿನ ಸುಮಾರು 10 ಸಾವಿರ ಎಕರೆ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಬಾರ್ಕ್, ಇಸ್ರೊ ಮೊದಲಾದ ಸಂಸ್ಥೆಗಳ ಪಾಲಾಯಿತು. ಡಿಆರ್‌ಡಿಒ ಒಂದಕ್ಕೇ 4,290 ಎಕರೆ. ಇನಾಂ ಜಮೀನು ಹೋದಾಗ ತಸ್ತೀಕು ಬಂತು, ಹುಲ್ಲುಗಾವಲು ಹೋದಾಗ ಗೋಡೆ ಬಂತು. ‘ಇನಾಮಿಗೆ ದಾಖಲೆ ಇತ್ತು, ಕಾವಲು ಸರ್ಕಾರದ್ದೇ’ ಎಂದು ಕಂದಾಯ ಅಧಿಕಾರಿಗಳು ಹೇಳಬಹುದು. ನನ್ನ ತಕರಾರೂ ಅದೇ: ನಮ್ಮ ತಟಸ್ಥತೆ ಕಾಗದವಿದ್ದ ದೇವರನ್ನಷ್ಟೇ ನೋಡುತ್ತದೆ.

ತಟಸ್ಥತೆಯ ಮಾತು ಬಂದರೆ ಈ ಸೀಮೆಯ ಭಾಷಣಕಾರರು ಅಶೋಕನನ್ನು ಕರೆತರದೆ ಮೈಕು ಬಿಡುವುದಿಲ್ಲ. ತರಲಿ, ಆದರೆ ಪೂರ್ತಿ ಓದಲಿ. ಬ್ರಹ್ಮಗಿರಿಯ ಶಾಸನದಲ್ಲಿ ಅವನು ತಾನು ಬೌದ್ಧ ಉಪಾಸಕನಾದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾನೆ. ಇಸಿಲದ ಅಧಿಕಾರಿಗಳಾದ ಮಹಾಮಾತ್ರರಿಗೆ ಬಂದ ಆ ಆಜ್ಞೆ ಜನರಿಂದ ಬಯಸುವುದು ತಂದೆತಾಯಿಯ ಸೇವೆ, ಪ್ರಾಣಿದಯೆ, ಸತ್ಯ, ಗುರುವಿಗೆ ಗೌರವ. ಅಲ್ಲಿ ಪಂಥದ ಹೆಸರಿಲ್ಲ. ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅದೇ ಶಾಸನವಿರುವ ಬಂಡೆ ಜನರ ಬಾಯಲ್ಲಿ ಬಳೆಗಾರ ಗುಂಡು. ಜಾತ್ರೆಯ ಬಳೆ ಅಂಗಡಿಗಳ ಅಡಿಯಲ್ಲಿ ಅಕ್ಷರಗಳು ಸವೆದು ಹೋಗಿವೆ. ಕಲ್ಲಿನಲ್ಲಿ ಕೊರೆದದ್ದಕ್ಕೇ ಈ ಗತಿಯಾದರೆ, ಎಲ್ಲೂ ಬರೆಯದ ಕಿಲಾರಿಯ ಹಕ್ಕು ಎಷ್ಟು ದಿನ ಉಳಿದೀತು?

ಮುಂದಿನ ಬಜೆಟ್‌ಗೆ ಎರಡೇ ಬಾಬ್ತು ಸಾಕು. ಮೊದಲನೆಯದು ಋಣ: ಸರ್ಕಾರ ಯಾವ ನಂಬಿಕೆಯ ನೆಲ ಪಡೆಯಿತೋ ಆ ನಂಬಿಕೆಗೆ. ಎರಡನೆಯದು ನೆರವು: ಆದಾಯ ನೋಡಿ, ದೇವರನ್ನು ನೋಡದೆ. ಎರಡಕ್ಕೂ ಸೇರದ ರೂಪಾಯಿಯನ್ನು ಯಾರಿಗೂ ಕೊಡುವುದು ಬೇಡ. ಲೆಕ್ಕ ಹೀಗೆ ಬರೆದರೆ ಅರ್ಚಕರಿಗೂ ಇಮಾಮರಿಗೂ ಮುಜುಗರವಿಲ್ಲ. ಕಿಲಾರಿಯ ಹೆಸರನ್ನು ಎರಡು ಕಡೆ ಬರೆಯಬೇಕಾದೀತು, ಅಷ್ಟೆ.