‘ಠಗ್’ ಎಂಬ ಮಾತು

ಈಚೆಗೆ ನಮ್ಮ ವಿದ್ಯಾರ್ಥಿನಿಯರ ಬಾಯಲ್ಲಿ ‘ಠಗ್ ಲೈಫ್’ ಎಂಬ ಇಂಗ್ಲಿಷ್ ಆಡುಮಾತು ಮೇಲಿಂದ ಮೇಲೆ ಕೇಳಿಬರುತ್ತಿದೆ. ಒಬ್ಬಳು ಹಿರಿಯರಿಗೆ ಥಟ್ಟನೆ ಚಮತ್ಕಾರದ ಉತ್ತರವಿತ್ತು, ಏನೂ ಆಗದವಳಂತೆ ನಡೆದುಹೋದರೆ ಗೆಳತಿಯರು ನಗುತ್ತ ಹೀಗೆನ್ನುವರು. ಈ ಮಾತನ್ನು ಶಾಲೆಯಲ್ಲಿ ನಿಷೇಧಿಸಬೇಕೆಂಬುದು ಕೆಲವು ಪೋಷಕರ ಮತ. ನಿಷೇಧಕ್ಕಿಂತ ತಿಳಿವಳಿಕೆಯೇ ಮೇಲೆಂಬುದು ನಮ್ಮ ಅಭಿಪ್ರಾಯ.

ಈ ಮಾತು ಪರದೇಶದಲ್ಲಿ ಹುಟ್ಟಿದುದಲ್ಲ. ಮರೆಮಾಡು ಎಂಬರ್ಥದ ಸಂಸ್ಕೃತ ಮೂಲದಿಂದ ಹಿಂದಿಯ ‘ಠಗ’ ಬಂದಿತು. ನಮ್ಮ ‘ಠಕ್ಕ’ನೂ ಅದರ ನಂಟನೇ. 1839ರಲ್ಲಿ ‘ಕನ್‌ಫೆಷನ್ಸ್ ಆಫ್ ಎ ಠಗ್’ ಎಂಬ ಕಾದಂಬರಿಯಿಂದ ಇಂಗ್ಲಿಷ್ ಓದುಗರಿಗೆ ಇದನ್ನು ಚೆನ್ನಾಗಿ ಪರಿಚಯಿಸಿದವನು ಫಿಲಿಪ್ ಮೆಡೋಸ್ ಟೇಲರ್. 1841ರಿಂದ 1853ರ ವರೆಗೆ ನಮ್ಮ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡವನೂ ಆತನೇ. 1844ರಲ್ಲಿ ಆತನು ಕಟ್ಟಿಸಿದ ಟೇಲರ್ ಮಂಜಿಲ್ ಅಲ್ಲಿ ಇಂದಿಗೂ ಇದೆ.

ಇಂಗ್ಲಿಷಿನಲ್ಲಿ ಈ ಮಾತಿಗೆ ಪುಂಡ, ಕ್ರೂರಿ ಎಂಬ ಅರ್ಥ ನಿಂತಿತು. 1990ರ ದಶಕದಲ್ಲಿ ಅಮೆರಿಕದ ಗಾಯಕ ಟುಪಾಕ್ ಶಕೂರನು ಅದನ್ನು ತಿರುಗಿಸಿ, ಏನೂ ಇಲ್ಲದೆ ಹುಟ್ಟಿಯೂ ತಲೆಯೆತ್ತಿ ಬಾಳುವವನ ಹೆಸರಾಗಿ ಮಾಡಿದನು. ಆದರೂ ಆ ದೇಶದಲ್ಲಿ ಕರಿಯ ತರುಣರನ್ನು ಹೀಯಾಳಿಸಲು ಅದೇ ಮಾತು ಬಳಕೆಯಾಗುತ್ತಲೇ ಬಂದಿದೆ.

ನಮ್ಮಲ್ಲಿಯೂ ಈ ಮಾತಿನಿಂದ ನೋವುಂಟಾಗಿದೆ. ಠಗ್ಗರ ಗುಂಪಿಗೆ ಸೇರಿದವನೆಂದು ರುಜುವಾತಾದರೆ ಸಾಕು, ಬೇರೆ ಅಪರಾಧವನ್ನು ತೋರಿಸಬೇಕಾಗಿಲ್ಲ, ಜೀವಾವಧಿ ಸೆರೆಯೆಂದು ಕುಂಪಣಿ ಸರಕಾರವು 1836ರಲ್ಲಿ ಕಾನೂನು ಮಾಡಿತು. 1871ರ ಕಾನೂನಂತೂ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ದಾಖಲು ಮಾಡಿಸಿತು. ಆ ಹಣೆಪಟ್ಟಿಯನ್ನು ಸರಕಾರವು 1952ರಲ್ಲಿ ತೆಗೆದುಹಾಕಿತು. ಜನರ ನೋಟದಿಂದ ಅದು ಇನ್ನೂ ಪೂರ್ತಿಯಾಗಿ ಅಳಿದಿಲ್ಲ.

ಆದುದರಿಂದ ನಮ್ಮ ವಿವೇಚನೆ ಹೀಗಿದೆ. ಹುಡುಗಿಯೊಬ್ಬಳು ತನ್ನನ್ನೇ ಕುರಿತು ವಿನೋದಕ್ಕಾಗಿ ಹೀಗೆಂದರೆ ಕೇಡಿಲ್ಲ. ಆದರೆ ತರಗತಿಯಲ್ಲಿ ಪೆನ್ನೊಂದು ಕಾಣೆಯಾದಾಗ, ಊರೂರು ಅಲೆದು ದುಡಿಯುವವರ ಮಗಳ ಕಡೆಗೆ ನೋಡಿ ‘ಠಗ್’ ಎಂದರೆ ಅದು ವಿನೋದವಲ್ಲ. ರುಜುವಾತಿಲ್ಲದೆ ಹುಟ್ಟಿನ ಮೇಲೆಯೇ ತೀರ್ಪು ಕೊಟ್ಟಂತೆ. ಯಾದಗಿರಿ, ಶಹಾಪುರ, ಸುರಪುರಗಳ ಎಲ್ಲ ಕಸುಬಿನ ಮನೆಗಳ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂಡತಕ್ಕ ಸ್ಥಳವೇ ಶಾಲೆ.

ಮಾತಾಪಿತೃಗಳೇ, ಮಗಳು ಈ ಮಾತನ್ನಾಡಿದಾಗ ಗದರಿಸಬೇಡಿರಿ, ‘ಯಾರಿಗೆಂದೆ? ಏಕೆಂದೆ?’ ಎಂದು ಕೇಳಿರಿ. ಹಳೆಯ ವಿದ್ಯಾರ್ಥಿನಿಯರೇ, ಸುರಪುರಕ್ಕೆ ಹೋದಾಗ ನಿಮ್ಮ ಮಕ್ಕಳಿಗೆ ಟೇಲರ್ ಮಂಜಿಲನ್ನು ತೋರಿಸಿ ಈ ಮಾತಿನ ಕಥೆಯನ್ನು ಹೇಳಿರಿ. ಅರ್ಥವನ್ನು ಬಲ್ಲವಳು ಮಾತನ್ನು ಅಳತೆಯಿಂದ ಆಡುವಳೆಂದು ನಾವು ನಂಬಿದ್ದೇವೆ.